ಏರೋದು ಸಲೀಸು, ಇಳಿಯೋದೇ ಗಂಡಾಂತರ

ಬೆಳಗಾವಿ: 2023ರ ಮೇ 30, ಮಂಗಳವಾರ. ಸಾಂಬ್ರಾ ನಿಲ್ದಾಣದಿಂದ ಎದ್ದ ಸಣ್ಣ ತರಬೇತಿ ವಿಮಾನ ರನ್‌ವೇಗೆ ವಾಪಸು ಬರಲೇ ಇಲ್ಲ. ತಾಂತ್ರಿಕ ದೋಷ ಕಾಣಿಸಿಕೊಂಡು ಹತ್ತಿರದ ಹೊಲಕ್ಕೆ ಇಳಿಯಿತು. ಒಳಗಿದ್ದವರು ಇಬ್ಬರು; ಕಲಿಸುವವರೊಬ್ಬರು, ಕಲಿಯುವವರೊಬ್ಬರು. ಸಣ್ಣಪುಟ್ಟ ಗಾಯ, ಜೀವ ಉಳೀತು. ಕೆಳಗೆ ಹೊಲ ಇತ್ತು, ಮನೆ ಇರಲಿಲ್ಲ. ಅದೇ ಪುಣ್ಯ!

ಸಣ್ಣ ವಿಮಾನಗಳ ಹಣೆಬರಹವೇ ಹೀಗೆ. ತಾಸುಗಟ್ಟಲೆ ಹಾರಿದರೂ ಇಳಿಯುವ ಹೊತ್ತು ಕೆಲವೇ ನಿಮಿಷ. ಎಡವಟ್ಟುಗಳಲ್ಲಿ ದೊಡ್ಡ ಪಾಲು ಆಗೋದು ಆಗಲೇ.

ಯಾಕೆ ಹೀಗೆ? ಬಸ್ ಡ್ರೈವರಿಗೆ ಸಂಶಯ ಬಂದರೆ ಬ್ರೇಕ್ ಒತ್ತಿ ನಿಂತುಬಿಡಬಹುದು. ವಿಮಾನ ಗಾಳಿಯಲ್ಲಿ ನಿಲ್ಲೋ ಹಾಗಿಲ್ಲ. ತರಬೇತಿ ಶಾಲೆಗಳಲ್ಲಿ ಕಾಣುವ ಸೆಸ್ನಾ 172 ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ರನ್‌ವೇ ಕಡೆ ಬರಬೇಕು. ಹೆಚ್ಚಾಯ್ತೋ, ಚೆಂಡಿನ ಹಾಗೆ ಪುಟಿಯುತ್ತೆ, ಇಲ್ಲವೇ ರನ್‌ವೇ ಮುಗಿದರೂ ಓಡುತ್ತೆ. ತೀರಾ ಕಡಿಮೆಯಾಯ್ತೋ, ರೆಕ್ಕೆ ಭಾರ ಹೊರೋದನ್ನೇ ಬಿಡುತ್ತೆ. ರನ್‌ವೇಗೆ ನೇರವಾಗಲು ಹಾಕುವ ಕೊನೇ ತಿರುವಿನಲ್ಲಿ ಹೀಗಾದರೆ ಸುಧಾರಿಸಿಕೊಳ್ಳಲು ಎತ್ತರವೇ ಉಳಿದಿರೋದಿಲ್ಲ. ಅಡ್ಡಗಾಳಿ ಬೀಸಿದರಂತೂ ಹಗುರ ವಿಮಾನ ಪಕ್ಕಕ್ಕೆ ಸರಿದು ಮಣ್ಣಿಗಿಳಿಯುತ್ತೆ. ಚಕ್ರ ಒಳಗೆ ಮಡಚುವ ವಿಮಾನಗಳಲ್ಲಿ ಚಕ್ರ ಬಿಡೋದನ್ನೇ ಮರೆತು ಹೊಟ್ಟೆ ಮೇಲೆ ಇಳಿಸಿದ ಅನುಭವಸ್ಥರೂ ಉಂಟು!

ಇದಕ್ಕೆ ಮದ್ದು ಸರಳ. ಲೆಕ್ಕ ತಪ್ಪಿತು ಅನ್ನಿಸಿದ ಕೂಡಲೇ ಇಂಜಿನ್ ಜೋರು ಮಾಡಿ ಮೇಲೇರಿ ಇನ್ನೊಂದು ಸುತ್ತು ಹಾಕಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ. 'ಹೇಗೋ ಇಳಿಸ್ತೀನಿ' ಅನ್ನೋ ಹಟವೇ ಪ್ರಾಣಕ್ಕೆ ಎರವಾಗೋದು.

ಎಲ್ಲಾ ಪೈಲಟ್ ತಲೆಗೆ ಕಟ್ಟಿದರೂ ನ್ಯಾಯವಲ್ಲ. ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಬಯಲಲ್ಲಿ ಪ್ರಾಣಿ ಕಡಿಯಬಾರದು, ಕಸ ಸುರಿಯಬಾರದು ಅಂತ 1937ರ ವಿಮಾನ ನಿಯಮಗಳಲ್ಲೇ ಬರೆದಿದೆ. ಮಾಂಸದ ಚೂರು, ಹೋಟೆಲ್ ಎಂಜಲು ಬಿದ್ದಲ್ಲಿ ಹದ್ದು ಸುತ್ತುತ್ತೆ. ಇಳಿಯುವ ವಿಮಾನಕ್ಕೆ ಒಂದು ಹದ್ದು ಬಡಿದರೂ ಸಾಕು.

ಇನ್ನು ಸೈಟಿನ ಹುಚ್ಚು. ರನ್‌ವೇ ತುದಿಯ ಹೊಲಗಳಿಗೆ ಲೇಔಟ್ ಕಲ್ಲು ಬಿದ್ದರೆ, ಇಂಜಿನ್ ಕೈಕೊಟ್ಟ ವಿಮಾನ ಇಳಿಯೋದಾದರೂ ಎಲ್ಲಿಗೆ? ಅವತ್ತು ಹೊಲ ಕಾಪಾಡಿತು. ಮುಂದಿನ ಸಲ ಅಲ್ಲಿ ಯಾರ ಮನೆ ಇರುತ್ತೋ!