ಮುರಿದ ರೊಟ್ಟಿ, ಬೇಯದ ಬೇಳೆ, ‘ಹಣ ವಾಪಸ್ ಕೊಡಿ’

ಆನ್‌ಲೈನ್‌ನಲ್ಲಿ ಸರಕು ಕೊಂಡವರು ಹಣ ವಾಪಸ್ ಕೇಳುವುದರಲ್ಲಿ ತಪ್ಪಿಲ್ಲ. ಎಷ್ಟೋ ಸಲ ಅದು ಅವರ ಹಕ್ಕೇ. ತೊಡಕು ಶುರುವಾಗುವುದು ಕೇಳಿಕೆ ಹಕ್ಕಿನ ಗೆರೆ ದಾಟಿದಾಗ. ಅರ್ಧ ಚೀಲ ಖಾಲಿ ಮಾಡಿ ಪೂರ್ತಿ ಹಣ ಕೇಳುವವರಿದ್ದಾರೆ. ಸರಕೂ ಇರಲಿ, ದುಡ್ಡೂ ಬರಲಿ ಎನ್ನುವವರಿದ್ದಾರೆ. ಕೊಡದಿದ್ದರೆ ಒಂದೇ ಸ್ಟಾರ್ ಹಾಕುತ್ತೇನೆ ಎಂದು ಹೆದರಿಸುವವರೂ ಇದ್ದಾರೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದಿಂದ ಹೊರಗೆ ಹೋಗುವ ಸರಕುಗಳಲ್ಲಿ ಹೆಸರಾದವು ಮೂರು: 2019ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ) ಪಡೆದ ತೊಗರಿ ಬೇಳೆ, ಜೋಳದ ಖಡಕ್ ರೊಟ್ಟಿ ಮತ್ತು ನೆಲಕ್ಕೆ ಹಾಸುವ ಶಹಾಬಾದಿ ಪರ್ಸಿ ಕಲ್ಲು. ಮೂರಕ್ಕೂ ಅವುಗಳದೇ ಆದ ತಕರಾರುಗಳಿವೆ.

ಮೊದಲು ಕಾನೂನು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳು ಮಾರಾಟಗಾರರ ಹೊಣೆಯನ್ನು ಸ್ಪಷ್ಟವಾಗಿ ಹೇಳುತ್ತವೆ. ಸರಕಿನಲ್ಲಿ ದೋಷ ಅಥವಾ ಕೊರತೆ ಇದ್ದರೆ, ಅದು ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ, ಹೇಳಿದ ದಿನಕ್ಕೆ ತಲುಪದಿದ್ದರೆ ಸರಕು ವಾಪಸ್ ಪಡೆಯಲು, ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ನೆರೆಯಂಥ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿ. ಬಿಲ್ಲಿನ ಕೆಳಗೆ ‘ಒಮ್ಮೆ ಮಾರಿದ ಸರಕು ವಾಪಸ್ ಇಲ್ಲ’ ಎಂದು ಅಚ್ಚು ಹಾಕಿಸಿದರೂ ದೋಷವಿರುವ ಸರಕಿಗೆ ಅದು ನಡೆಯದು.

ಈ ಕಾರಣಗಳ ಆಚೆ, ಬರೀ ಮನಸ್ಸು ಬದಲಾಯಿತೆಂದು ಸರಕು ಹಿಂದಿರುಗಿಸುವ ಸಾರ್ವತ್ರಿಕ ಹಕ್ಕನ್ನು ಭಾರತದ ಕಾನೂನು ಕೊಟ್ಟಿಲ್ಲ. ಅಲ್ಲಿ ನಡೆಯುವುದು ಮಾರಾಟಗಾರ ಅಥವಾ ವೇದಿಕೆ ಮೊದಲೇ ಪ್ರಕಟಿಸಿದ ವಾಪಸಾತಿ ನೀತಿ. ಆದ್ದರಿಂದ ಬೇಡಿಕೆ ನ್ಯಾಯವೋ ಅನ್ಯಾಯವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಸರಕಿನ ವಿವರಣೆಯಲ್ಲಿ ಏನು ಬರೆದಿತ್ತು ಎಂಬುದರ ಮೇಲೆ.

ಬೇಳೆಯ ವಿಷಯದಲ್ಲಿ ಪದೇ ಪದೇ ಬರುವ ದೂರು ‘ಬೇಯುವುದೇ ಇಲ್ಲ’ ಎಂಬುದು. ಇದರಲ್ಲಿ ಬೇಳೆಯ ತಪ್ಪೂ ಇರಬಹುದು; ಹಳೆಯ ದಾಸ್ತಾನು ತಡವಾಗಿ ಬೇಯುತ್ತದೆ. ನೀರಿನ ತಪ್ಪೂ ಇರಬಹುದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಹುಣಸೆಹುಳಿ ಮೊದಲೇ ಸುರಿದರೂ ಅದೇ ಗತಿ. ಜಾಣ ವ್ಯಾಪಾರಿ ಪ್ರತಿ ಲಾಟಿನಿಂದ ಒಂದೆರಡು ಹಿಡಿ ಬೇಳೆಯನ್ನು ದಿನಾಂಕ ಬರೆದ ಡಬ್ಬಿಯಲ್ಲಿ ತೆಗೆದಿಡುತ್ತಾನೆ. ದೂರು ಬಂದ ದಿನ ಅದನ್ನೇ ಕುಕ್ಕರಿಗೆ ಹಾಕಿ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ತನ್ನ ಒಲೆಯ ಮೇಲೂ ಬೇಯದಿದ್ದರೆ ವಾದಕ್ಕೆ ನಿಲ್ಲದೆ ಹಣ ಕೊಡುವುದೇ ಸರಿ. ಬೆಂದರೆ, ‘ಅಕ್ಕಾರ, ಇದೇ ಲಾಟಿನ ಬೇಳೆ ಇಲ್ಲಿ ಚೆಂದ ಬೆಂದದ. ಒಮ್ಮೆ ಕುಡಿಯೋ ನೀರಿನಾಗ ಬೇಯಿಸಿ ನೋಡ್ರಿ’ ಎಂಬ ಒಂದು ಸಾಲು, ಜೊತೆಗೆ ಒಂದು ಫೋಟೊ ಸಾಕಾಗುತ್ತದೆ.

ರೊಟ್ಟಿಯ ಮಾರಾಟ ಈಚಿನದು. ಜಿಲ್ಲಾಡಳಿತದ ಬೆಂಬಲದಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಆನ್‌ಲೈನ್ ಪೇಟೆಗೆ ಇಳಿದರು. 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಅದರ ಪ್ರಸ್ತಾಪ ಬಂತು. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ. ಒಣಗಿಸಿದ ರೊಟ್ಟಿ ಕೊರಿಯರ್ ಚೀಲದಲ್ಲಿ ಎರಡು ಸಲ ಬಿದ್ದರೆ ಮುರಿಯುತ್ತದೆ. ಮುರಿಯದ ರೊಟ್ಟಿಯನ್ನು ಈ ಸೀಮೆಯಲ್ಲಿ ಯಾರೂ ಖಡಕ್ ಎನ್ನುವುದಿಲ್ಲ. ದೂರದ ಊರಿನ ಗ್ರಾಹಕರಿಗೆ ಮಾತ್ರ ಇದು ಗೊತ್ತಿರಬೇಕೆಂದಿಲ್ಲ. ‘ಸಾಗಣೆಯಲ್ಲಿ ಕೆಲವು ರೊಟ್ಟಿ ಮುರಿಯಬಹುದು, ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಮುರಿದಿದ್ದರೆ ಬೇರೆ ಪೊಟ್ಟಣ ಕಳಿಸುತ್ತೇವೆ’ ಎಂದು ಮೊದಲೇ ಬರೆದಿದ್ದರೆ, ಒಂದು ರೊಟ್ಟಿ ಮುರಿದುದಕ್ಕೆ ಇಡೀ ಪೊಟ್ಟಣದ ಹಣ ಕೇಳುವವರಿಗೆ ಉತ್ತರ ಸಿದ್ಧವಿರುತ್ತದೆ. ಬೂಸಲು ಹಿಡಿದಿದ್ದರೆ, ಎಣ್ಣೆ ಕಮಟು ವಾಸನೆ ಬಂದರೆ ಮಾತು ಬೇರೆ, ಅದು ದೋಷವೇ.

ಕಲ್ಲಿನ ವ್ಯಾಪಾರದಲ್ಲಿ ತಕರಾರೂ ಭಾರ, ಬಾಡಿಗೆಯೂ ಭಾರ. ಲಾರಿ ಲೋಡು ಹಿಂದೆ ಬಂದರೆ ಲಾಭ ಹೋಗಲಿ, ಅಸಲೂ ಉಳಿಯದು. ‘ಫೋಟೊದಲ್ಲಿದ್ದ ಬಣ್ಣ ಇಲ್ಲ’ ಎಂಬುದು ಇಲ್ಲಿನ ಸಾಮಾನ್ಯ ದೂರು. ಶಹಾಬಾದಿ ಕಲ್ಲು ಪದರ ಪದರವಾಗಿ ಸಿಗುವ ಸುಣ್ಣದ ಕಲ್ಲು. ಒಂದೇ ಗಣಿಯ ಎರಡು ಪದರಗಳಲ್ಲೂ ಬೂದು ಬಣ್ಣ ಬೇರೆ ಬೇರೆ. ನೀರು ಚಿಮುಕಿಸಿ ತೆಗೆದ ಫೋಟೊದಲ್ಲಿ ಕಪ್ಪಗೆ ಮಿಂಚುವ ಕಲ್ಲು ಒಣಗಿದ ಮೇಲೆ ಮಾಸಲಾಗಿ ಕಾಣುತ್ತದೆ. ಹಾಗೆ ಒದ್ದೆ ಫೋಟೊ ಮಾತ್ರ ಹಾಕಿ ಮಾರಿದವರು ಗ್ರಾಹಕರನ್ನು ದೂರುವಂತಿಲ್ಲ. ಒಣಗಿದ್ದು, ಒದ್ದೆಯದು ಎರಡನ್ನೂ ತೋರಿಸಿ, ಸ್ಯಾಂಪಲ್ ತುಂಡು ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದರೆ ಮುಂದಿನ ದಾರಿ ಸುಗಮ. ಇನ್ನೊಂದು ದೂರು ನೆಲ ಹಾಕಿ ಆರು ತಿಂಗಳಾದ ಮೇಲೆ ಬರುತ್ತದೆ: ಪಾಲಿಶ್ ಹೋಗಿ ಬಿಳಿ ಕಲೆ ಬಿದ್ದಿವೆ, ಹಣ ವಾಪಸ್ ಬೇಕು. ಬಚ್ಚಲು ತೊಳೆಯುವ ಆ್ಯಸಿಡ್ ಸುಣ್ಣದ ಕಲ್ಲಿನ ಮೇಲೆ ಬಿದ್ದರೆ ಬುರುಬುರು ನೊರೆ ಬಂದು ಮೇಲ್ಪದರವನ್ನೇ ತಿನ್ನುತ್ತದೆ. ‘ಆ್ಯಸಿಡ್ ಹಾಕಬಾರದು’ ಎಂಬ ಎರಡು ಪದ ಬಿಲ್ಲಿನ ಮೇಲಿದ್ದರೆ ಈ ಜಗಳಕ್ಕೆ ಬುಡವೇ ಇರುವುದಿಲ್ಲ.

ಇಲ್ಲಿ ಹಳೆಯ ಕಾಯ್ದೆಯೊಂದು ನೆರವಿಗೆ ಬರುತ್ತದೆ. ಸರಕು ಮಾರಾಟ ಕಾಯ್ದೆ, 1930ರ ಪ್ರಕಾರ ಸರಕನ್ನು ಪರೀಕ್ಷಿಸಿ ನೋಡುವ ಅವಕಾಶ ಕೊಳ್ಳುವವರಿಗೆ ಸಿಗಲೇಬೇಕು. ಆ ಅವಕಾಶ ಸಿಕ್ಕ ಮೇಲೆ ಅವರು ಸರಕನ್ನು ತಮ್ಮದೆಂಬಂತೆ ಬಳಸಿದರೆ, ಅಥವಾ ಬೇಡವೆಂದು ತಿಳಿಸದೆ ಸಾಕಷ್ಟು ಕಾಲ ಇಟ್ಟುಕೊಂಡರೆ, ಒಪ್ಪಿಕೊಂಡಂತೆಯೇ ಲೆಕ್ಕ. ಗಾರೆ ಹಾಕಿ ಕೂರಿಸಿದ ಕಲ್ಲನ್ನು ಬಣ್ಣ ಸರಿಯಿಲ್ಲವೆಂದು ವಾಪಸ್ ಕೊಡಲಾಗದು. ಒಳಗೆ ಅಡಗಿದ್ದ ದೋಷ ಆಮೇಲೆ ಹೊರಬಿದ್ದರೆ ಪರಿಹಾರ ಕೇಳುವ ದಾರಿ ಆಗಲೂ ಮುಚ್ಚಿರುವುದಿಲ್ಲ.

ಉಳಿದದ್ದೆಲ್ಲ ಪುರಾವೆಯ ಮಾತು. ಪ್ಯಾಕ್ ಮಾಡುವಾಗ ತಕ್ಕಡಿಯ ಅಂಕಿ, ಲಾಟಿನ ಸಂಖ್ಯೆ, ವಿಳಾಸದ ಚೀಟಿ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವ ಅರ್ಧ ನಿಮಿಷದ ವಿಡಿಯೊ ದೊಡ್ಡ ಆಸ್ತಿ. ಬೇರೆ ಸರಕು ತುಂಬಿ ವಾಪಸ್ ಕಳಿಸುವ ಕೈಚಳಕ ಸಿಕ್ಕಿಬೀಳುವುದು ಇದರಿಂದಲೇ. ವಾಪಸ್ ಬಂದ ಪೊಟ್ಟಣವನ್ನೂ ಹಾಗೆಯೇ ವಿಡಿಯೊ ಮಾಡುತ್ತಾ ತೆರೆದರೆ ದೊಡ್ಡ ಮಾರಾಟ ವೇದಿಕೆಗಳಲ್ಲಿ ನಷ್ಟ ಭರ್ತಿಗೆ ಅರ್ಜಿ ಹಾಕಬಹುದು. ಅದಕ್ಕೆ ಗಡುವು ಕೆಲವೇ ದಿನ. ಪೊಟ್ಟಣ ತೆರೆಯುವ ವಿಡಿಯೊ ಗ್ರಾಹಕರಲ್ಲಿದ್ದರೆ ಒಳ್ಳೆಯದು. ಆದರೆ ಅದಿಲ್ಲ ಎಂಬ ಒಂದೇ ಕಾರಣಕ್ಕೆ ನಿಜವಾದ ದೋಷವನ್ನು ತಳ್ಳಿಹಾಕುವುದು ಅಪಾಯ.

ಉತ್ತರ ಕೊಡುವಾಗ ಫೋನಿಗಿಂತ ಬರಹ ಮೇಲು. ಭಾಗಶಃ ಹಾನಿಗೆ ಭಾಗಶಃ ಹಣ, ಪೂರ್ತಿ ಹಣಕ್ಕೆ ಪೂರ್ತಿ ಸರಕು ವಾಪಸ್: ಈ ಅಳತೆಯನ್ನು ಎಲ್ಲರಿಗೂ ಒಂದೇ ರೀತಿ ಇಟ್ಟರೆ ಮಾತು ಬೆಳೆಯದು. ಎರಡು ಕಡೆಯ ಕೊರಿಯರ್ ಖರ್ಚೇ ಪೊಟ್ಟಣದ ಬೆಲೆ ಮೀರುವಂತಿದ್ದರೆ ಬಿಟ್ಟುಕೊಡುವುದು ಸೋಲೇನಲ್ಲ, ಲೆಕ್ಕ. ಸ್ಟಾರ್ ಕಳೆಯುವ ಬೆದರಿಕೆಗೆ ಹೆದರಿ ಕೊಟ್ಟ ಹಣ ಮಾತ್ರ ಮತ್ತೊಂದು ಬೆದರಿಕೆಗೆ ದಾರಿ ಮಾಡುತ್ತದೆ. ಹಣ ಹಿಂದಿರುಗಿಸಿದಾಗ ಜಿಎಸ್‌ಟಿ ಇರುವವರು ಕ್ರೆಡಿಟ್ ನೋಟ್ ಮಾಡುವುದನ್ನು ಮರೆಯಬಾರದು.

ಬೇಡಿಕೆಯೇ ಮೋಸವಾಗಿರುವುದೂ ಉಂಟು. ‘2,000 ಕಳಿಸಬೇಕಿತ್ತು, ತಪ್ಪಿ 20,000 ಹೋಗಿದೆ, ಉಳಿದದ್ದು ಬೇಗ ವಾಪಸ್ ಹಾಕಿ’ ಎಂದು ಫೋನ್ ಬರುತ್ತದೆ. ಜೊತೆಗೆ ಬ್ಯಾಂಕಿನದೆಂದು ತೋರುವ ಎಸ್‌ಎಂಎಸ್. ಅದು ಬಂದದ್ದು ಕರೆ ಮಾಡಿದವರದೇ ಮೊಬೈಲಿನಿಂದ. ಖಾತೆಯ ಬಾಕಿ ನೋಡದೆ ಒಂದು ರೂಪಾಯಿಯನ್ನೂ ಕಳಿಸಬಾರದು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಮೋಸ ಹೋದವರು ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಜಗಳ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರೆ ಅನುಕೂಲ ಕೊಂಡವರ ಕಡೆಗೇ ಹೆಚ್ಚು. 5 ಲಕ್ಷ ರೂಪಾಯಿವರೆಗಿನ ಸರಕಿಗೆ ದೂರಿನ ಶುಲ್ಕವಿಲ್ಲ. ತಾವು ಇರುವ ಊರಿನಲ್ಲೇ ದೂರು ಹೂಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಹಾಗಾಗಿ ಚಿಂಚೋಳಿಯ ಬೇಳೆ ವ್ಯಾಪಾರಿಗೆ ನೋಟಿಸ್ ಬೆಂಗಳೂರಿನಿಂದಲೂ ಬರಬಹುದು, ಪುಣೆಯಿಂದಲೂ ಬರಬಹುದು. ದೂರು ಹುರುಳಿಲ್ಲದ್ದು ಎಂದು ನೋಟಿಸನ್ನು ಮೂಲೆಗೆಸೆದವರೇ ಹೆಚ್ಚಾಗಿ ಸೋಲುತ್ತಾರೆ. ಉತ್ತರ ಸಲ್ಲಿಸಲು ಸಿಗುವುದು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಆ 45 ದಿನಗಳ ಮೇಲೆ ಒಂದು ದಿನವನ್ನೂ ಕೊಡುವ ಅಧಿಕಾರ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿದೆ.