‘ಡಬಲ್’ ಎಂಬ ಮಾತಿನ ಸುತ್ತಮುತ್ತ



ಬ್ರಾಂಪ್ಟನ್, ಮಿಸಿಸಾಗಾಗಳ ಗೋದಾಮುಗಳಲ್ಲಿ, ವೃದ್ಧಾಶ್ರಮಗಳಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ ಕಿವಿಗೆ ಬೀಳುವ ಮಾತೊಂದಿದೆ: ‘ಪುಲಿಂಗ್ ಎ ಡಬಲ್’. ಒಂದು ಪಾಳಿ ಮುಗಿದೊಡನೆ ಮನೆಗೆ ತೆರಳದೆ ಮುಂದಿನ ಪಾಳಿಯನ್ನೂ ನಿರ್ವಹಿಸುವುದು, ಅಂದರೆ ಎಂಟೆಂಟು ಗಂಟೆಗಳಂತೆ 16 ಗಂಟೆ ದುಡಿಯುವುದು, ಇದರ ಅರ್ಥ. ‘ಎಳೆಯುವುದು’ ಎಂಬ ಕ್ರಿಯಾಪದವೇ ನೊಗ ಹೊತ್ತ ಎತ್ತನ್ನು ನೆನಪಿಗೆ ತರುತ್ತದೆ.

ಬೆಂಗಳೂರಿನ ಕಾರ್ಖಾನೆಗಳ ಪರಿಸರದಲ್ಲಿ ಬೆಳೆದವರಿಗೆ ‘ಓಟಿ’ ಎಂಬ ಎರಡಕ್ಷರ ಚಿರಪರಿಚಿತ. ಭಾರತದ 1948ರ ಕಾರ್ಖಾನೆ ಕಾಯಿದೆಯು ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ದರವನ್ನು ವಿಧಿಸಿತು. ಆ ರೂಢಿಯಿಂದ ಬಂದವರು ಇಲ್ಲಿಯ ‘ಡಬಲ್’ ಎಂದರೂ ಇಮ್ಮಡಿ ಸಂಬಳವೆಂದೇ ಭಾವಿಸುವುದುಂಟು. ಇಲ್ಲಿ ಇಮ್ಮಡಿಯಾಗುವುದು ಪಾಳಿ ಮಾತ್ರ. ಒಂಟೇರಿಯೊದ 2000ದ ಉದ್ಯೋಗ ಮಾನದಂಡಗಳ ಕಾಯಿದೆಯಂತೆ, ಸಾಮಾನ್ಯವಾಗಿ ವಾರಕ್ಕೆ 44 ಗಂಟೆ ಮೀರಿದ ಮೇಲಷ್ಟೇ ಒಂದೂವರೆ ಪಟ್ಟು ದರ. ಲೆಕ್ಕ ವಾರದ್ದು, ದಿನದ್ದಲ್ಲ. ಒಂದೇ ದಿನ 16 ಗಂಟೆ ದುಡಿದರೂ ವಾರದ ಮೊತ್ತ 40ಕ್ಕೇ ನಿಂತರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಹೆಚ್ಚುವರಿ ದರವೆಂದು ಒಂದು ಸೆಂಟೂ ಬಾರದು. ಇನ್ನು ವೈದ್ಯರು, ಇಂಜಿನಿಯರುಗಳು, ಮಾಹಿತಿ ತಂತ್ರಜ್ಞಾನದ ವೃತ್ತಿಪರರು ಈ ಹೆಚ್ಚುವರಿ ವೇತನದ ನಿಯಮಕ್ಕೇ ಹೊರಗು. ಈ ಸಭೆಯಲ್ಲಿ ಉಳಿದವರೆಷ್ಟು ಮಂದಿಯೋ!

ವೈದ್ಯನಾದ ನನ್ನ ಚಿಂತೆ ಸಂಬಳಕ್ಕಿಂತ ಮಿಗಿಲಾಗಿ ಮನೆಗೆ ಹಿಂದಿರುಗುವ ದಾರಿಯದು. (ನಮ್ಮ ರೆಸಿಡೆನ್ಸಿಯ ಕಾಲದಲ್ಲಂತೂ ನಿದ್ದೆಗೆಡುವುದೇ ಶೌರ್ಯವೆನಿಸಿತ್ತು.) 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕಣ್ಣು-ಕೈಗಳ ಹೊಂದಾಣಿಕೆಯು ರಕ್ತದಲ್ಲಿ ಶೇಕಡಾ 0.05 ಮದ್ಯಾಂಶವುಳ್ಳವರ ಮಟ್ಟಕ್ಕೆ ಕುಸಿದಿತ್ತು. ಒಂಟೇರಿಯೊದಲ್ಲಿ ಚಾಲಕನ ಪರವಾನಗಿಯನ್ನು ರಸ್ತೆಬದಿಯಲ್ಲೇ ಅಮಾನತುಗೊಳಿಸಲು ಅಷ್ಟು ಮದ್ಯಾಂಶ ಸಾಕು. ಬೆಳಗಿನ ಐದಕ್ಕೆ ಎದ್ದು, ಏಳಕ್ಕೆ ಪಾಳಿ ಹಿಡಿದು, ರಾತ್ರಿ ಹನ್ನೊಂದಕ್ಕೆ ಹೊರಬಿದ್ದವರು ಆಗಲೇ 18 ಗಂಟೆ ಎಚ್ಚರವಿದ್ದಿರುತ್ತಾರೆ. ಜೀವಮಾನದಲ್ಲಿ ಮದ್ಯವನ್ನೇ ಮುಟ್ಟದ ಸಾತ್ವಿಕರೂ ಜನವರಿಯ ಹಿಮದಲ್ಲಿ, 401 ಹೆದ್ದಾರಿಯಲ್ಲಿ, ಕುಡಿದವರಂತೆಯೇ ವಾಹನ ನಡೆಸುತ್ತಿರುತ್ತಾರೆ.

ಕಿಟಕಿ ತೆರೆಯುವುದು, ರೇಡಿಯೋ ಹಾಕುವುದು ಇದಕ್ಕೆ ಔಷಧವಲ್ಲ. ಹೊರಡುವ ಮುನ್ನ ಇಪ್ಪತ್ತು ನಿಮಿಷ ಮಲಗಿ, ಎದ್ದು ಮಂಪರು ಪೂರ್ತಿ ಇಳಿದ ಮೇಲೆ ಹೊರಡಿರಿ. ಇಲ್ಲವೇ ಮನೆಯವರನ್ನು ಕರೆಸಿಕೊಳ್ಳಿರಿ.

ಇನ್ನೊಂದು ಮಾತು. ಕಾಯಿದೆಯ ಕೆಲಸದ ಅವಧಿಯ ನಿಯಮಗಳಿಗೆ ಒಳಪಟ್ಟವರನ್ನು ದಿನಕ್ಕೆ ಎಂಟು ಗಂಟೆ, ಅಥವಾ ಅದಕ್ಕಿಂತ ದೀರ್ಘವಾದ ನಿಗದಿತ ದಿನಾವಧಿ, ಮೀರಿ ದುಡಿಸಲು ಸಾಮಾನ್ಯವಾಗಿ ಅವರ ಲಿಖಿತ ಒಪ್ಪಿಗೆ ಅಗತ್ಯ. ಎರಡು ವಾರಗಳ ಲಿಖಿತ ಸೂಚನೆ ನೀಡಿ ಅದನ್ನು ಸಾಮಾನ್ಯವಾಗಿ ಹಿಂಪಡೆಯಲೂಬಹುದು.