ಎರಡು ತಂತಿಗಳ ನಡುವೆ ಕಳೆದುಹೋದ ಕಂಠ

ಅಟ್ಟದ ಮೇಲೆ ಧೂಳು ಹಿಡಿದಿದ್ದ ಗ್ರಾಮಾಫೋನ್ ತಟ್ಟೆಗಳು ಇತ್ತೀಚೆಗೆ ಕೆಲವು ಮನೆಗಳಲ್ಲಿ ಮತ್ತೆ ಕೆಳಗಿಳಿದಿವೆ. ತಂದೆ ಕೊಂಡಿದ್ದ ತಟ್ಟೆಯನ್ನು ಮಗ ಹೊಸ ಸ್ಟೀರಿಯೋ ಯಂತ್ರದ ಮೇಲಿಡುತ್ತಾನೆ. ತಾಯಿ ಕಾಫಿಯ ಲೋಟ ಹಿಡಿದು ಬಂದು ಕುಳಿತುಕೊಳ್ಳುತ್ತಾರೆ. ಗಾಯನ ಆರಂಭವಾಗುತ್ತದೆ. ಆದರೆ ಗಾಯಕಿ ಎಲ್ಲಿ? ಎರಡು ಸ್ಪೀಕರುಗಳ ನಡುವಿನಿಂದ ಕೇಳಬೇಕಾದ ಕಂಠ ಮೂಲೆ ಮೂಲೆಗಳಿಂದ, ಒಮ್ಮೊಮ್ಮೆ ಕೇಳುವವರ ತಲೆಯ ಹಿಂದಿನಿಂದ ಬಂದಂತೆ ತೋರುತ್ತದೆ. ಮೃದಂಗದ ಎಡಮುಖದ ಗಂಭೀರ ನಾದ ಸೊರಗಿ, ಡಬ್ಬ ಬಡಿದಂತಾಗಿದೆ. “ಹಳೆಯ ರೇಡಿಯೋವೇ ವಾಸಿ ಕಣೋ” ಎಂದು ತಾಯಿ ಎದ್ದು ಹೋಗುತ್ತಾರೆ. ಹಣ ತೆತ್ತ ಮಗನ ಮುಖ ಬಾಡುತ್ತದೆ.

ಯಂತ್ರವನ್ನು ಹಿಂದಿರುಗಿಸುವ ಅವಸರ ಬೇಡ. ಇಂಥ ಲಕ್ಷಣಗಳಿದ್ದಲ್ಲಿ ಬಹುಮಟ್ಟಿಗೆ ಎರಡು ತಂತಿಗಳು ಅದಲುಬದಲಾಗಿರುತ್ತವೆ, ಅಷ್ಟೇ.

ಸ್ಪೀಕರಿನೊಳಗಿನ ಆಲಿಕೆಯಾಕಾರದ ಪೊರೆ ಗಾಳಿಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಸೆಳೆಯುವುದರಿಂದ ನಾದ ಹುಟ್ಟುತ್ತದೆ. ಎರಡೂ ಪೊರೆಗಳು ನೊಗಕ್ಕೆ ಹೂಡಿದ ಜೋಡೆತ್ತುಗಳಂತೆ ಒಟ್ಟಿಗೆ ಹೆಜ್ಜೆಯಿಡಬೇಕು. ಒಂದರ ತಂತಿಗಳು ತಿರುಗುಮುರುಗಾದರೆ ಒಂದು ತಳ್ಳುವಾಗ ಮತ್ತೊಂದು ಸೆಳೆಯುತ್ತದೆ. ಸೆಕೆಂಡಿಗೆ 50 ಸಲ ಕಂಪಿಸುವ ಮಂದ್ರನಾದದ ಅಲೆ ಸುಮಾರು 7 ಮೀಟರ್ ಉದ್ದ. ಎರಡು ಮೀಟರ್ ಅಂತರದ ಸ್ಪೀಕರುಗಳು ಅದರ ಪಾಲಿಗೆ ಪಕ್ಕಪಕ್ಕದಲ್ಲೇ ಇದ್ದಂತೆ. ಹಾಗಾಗಿ ಒಂದರ ಕೆಲಸವನ್ನು ಇನ್ನೊಂದು ಅಳಿಸಿಹಾಕುತ್ತದೆ. ತಾರಸ್ವರಗಳ ಅಲೆ ಗಿಡ್ಡ. ಅವು ಹೇಗೋ ಉಳಿದುಕೊಳ್ಳುತ್ತವೆ. ಎರಡೂ ಸ್ಪೀಕರುಗಳು ತಿರುಗುಮುರುಗಾಗಿದ್ದರೆ ಮಾತ್ರ ಹೆಚ್ಚಿನವರ ಕಿವಿಗೆ ವ್ಯತ್ಯಾಸವೇ ತಿಳಿಯದು!

ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿದೆಯೇ ಎಂದು ನೋಡಬೇಕು. ದುರಸ್ತಿಯಾಗಿ ಬಂದ ಪೆಟ್ಟಿಗೆಯ ಒಳಗೇ ತಪ್ಪಿರಬಹುದೆಂಬ ಶಂಕೆಯಿದ್ದರೆ, ಅದನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದರೆ ಸಾಕು. ಸೆಲ್ಲಿನ ಧನಾಗ್ರ ಕೆಂಪಿಗೆ ತಗುಲಿದಾಗ ದೊಡ್ಡ ಪೊರೆ ಸಾಮಾನ್ಯವಾಗಿ ಹೊರಕ್ಕೆ ಜಿಗಿಯುತ್ತದೆ. ಒಂದು ಪೆಟ್ಟಿಗೆಯದು ಹೊರಕ್ಕೂ ಮತ್ತೊಂದರದು ಒಳಕ್ಕೂ ಹೋದರೆ ಕಳ್ಳ ಸಿಕ್ಕಂತೆಯೇ.

ರೇಡಿಯೋ ಚೆನ್ನಾಗಿ ಕೇಳಿಸಿ, ತಟ್ಟೆಗಳಲ್ಲಿ ಮಾತ್ರ ಈ ಗೋಳಿದ್ದರೆ ದೋಷವನ್ನು ಮುಳ್ಳಿನ ಬಳಿ ಹುಡುಕಬೇಕು. ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲುಮ್ಲೀನ್ 1931ರ ಡಿಸೆಂಬರಿನಲ್ಲಿ ಪೇಟೆಂಟಿಗಾಗಿ ಸಲ್ಲಿಸಿದ ಅರ್ಜಿಯಲ್ಲೇ ಎರಡು ನಾದಗಳನ್ನು ಒಂದೇ ಗೀರಿನಲ್ಲಿ ಅಡಗಿಸುವ ಉಪಾಯವಿತ್ತು. ಎರಡಕ್ಕೂ ಸಮಾನವಾದ ನಾದ ಮುಳ್ಳನ್ನು ಅಕ್ಕಪಕ್ಕಕ್ಕೆ, ಭಿನ್ನವಾದದ್ದು ಮೇಲೆಕೆಳಗೆ ಅಲುಗಿಸುತ್ತದೆ. ಮುಳ್ಳಿನ ಹಿಂದಿನ ನಾಲ್ಕು ಎಳೆಗಳಲ್ಲಿ ಬಿಳಿ, ನೀಲಿ ಎಡಕ್ಕೆ. ಕೆಂಪು, ಹಸಿರು ಬಲಕ್ಕೆ. ಬಿಳಿಯ ಜಾಗಕ್ಕೆ ನೀಲಿ ಹೋದರೂ ಸಾಕು, ಗಾಯಕಿ ಮಾಯ! ಚಿಮುಟದಿಂದ ಎಳೆಯ ತುದಿಯ ಕೊಂಡಿಯನ್ನು ಹಿಡಿದು ಬದಲಿಸಬೇಕು. ಎಳೆಯನ್ನೇ ಎಳೆದರೆ ತುಂಡಾದೀತು.

ಬ್ಲುಮ್ಲೀನ್ 1942ರ ಜೂನ್ 7ರಂದು, ರಾಡಾರ್ ಪರೀಕ್ಷೆಗೆ ಹಾರಿದ ವಿಮಾನ ಉರುಳಿ, 38ನೆಯ ವಯಸ್ಸಿನಲ್ಲೇ ತೀರಿಕೊಂಡರು. ಸ್ಟೀರಿಯೋ ತಟ್ಟೆಗಳು ಅಂಗಡಿಗಳಲ್ಲಿ ವ್ಯಾಪಕವಾಗಿ ಮಾರಾಟಕ್ಕೆ ಬಂದದ್ದು 1958ರಲ್ಲಿ.

ಕೊಂಡಿಗಳು ಸರಿಯಾದ ಮೇಲೆ ಅದೇ ತಟ್ಟೆಯನ್ನು ಮತ್ತೆ ಹಾಕಿ, ಅಡುಗೆಮನೆಯಿಂದ ತಾಯಿಯನ್ನು ಇನ್ನೊಮ್ಮೆ ಕರೆಯಬಹುದು.